ದಪ್ಪ ಹಲಗೆ ಯಾರ ಪಾಲಿಗೆ

ಆ ಮರದ ಕಾರ್ಖಾನೆಯಲ್ಲಿ ಹಲಗೆ ಒಣಗಿಸುವ ಬಿಸಿ ಕೋಣೆಗಳ ಉಸ್ತುವಾರಿ ಅವಳದು. ಒಣಗಿ ಬಂದ ಹಲಗೆಯನ್ನು ಗರಗಸದ ಯಂತ್ರಕ್ಕೆ ಒಡ್ಡಿ ಸೀಳುವ ಕೆಲಸ ಅವಳ ಗಂಡನದು. ಅವಳನ್ನು ಎಲ್ಲರೂ ಒಲೆಯಕ್ಕ ಎನ್ನುತ್ತಿದ್ದರು. “ಮನೇಲೂ ಬೇಯಿಸ್ತಾಳೆ, ಇಲ್ಲೂ ಬೇಯಿಸ್ತಾಳೆ, ನಡುವೆ ಬೇಯೋನು ನಾನು” ಎಂದು ಗಂಡ ನಗಿಸುತ್ತಿದ್ದ ಕಾಲವೊಂದಿತ್ತು. ಪಕ್ಕೆ ಮುರಿದುಕೊಂಡ ಮೇಲೆ ಆ ತಮಾಷೆ ನಿಂತಿತ್ತು.

ಕಳೆದ ಚಳಿಗಾಲದ ಮಾತು. ಅವಳು ಒಣಗಿಸಿ ಕಳಿಸಿದ್ದ ದಪ್ಪ ಹಲಗೆಯೊಂದು ಅರ್ಧ ಸೀಳುವಷ್ಟರಲ್ಲಿ ಗರಗಸವನ್ನು ಕಚ್ಚಿ ಹಿಡಿದು, ಹಿಂದಕ್ಕೆ ಚಿಮ್ಮಿ ಅವನ ಪಕ್ಕೆಗೆ ಬಡಿಯಿತು. ಹಲಗೆಯ ಮೇಲ್ಮೈ ಬೇಗ ಒಣಗಿ ಗಟ್ಟಿಯಾಗಿ, ತಿರುಳು ತಡವಾಗಿ ಒಣಗಿದರೆ ಮರದ ಮೈಯೊಳಗೆ ಒಂದು ಬಿಗಿತ ಉಳಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಸೀಳಿದಾಗ ಎರಡೂ ಹೋಳುಗಳು ಒಳಕ್ಕೆ ಬಾಗಿ ನಡುವೆ ಇರುವ ಗರಗಸವನ್ನು ಅಮುಕುತ್ತವೆ. ಬಿಗಿತ ಸಡಿಲಿಸಲೆಂದೇ ಅವಳು ಕೊನೆಯಲ್ಲಿ ಹಬೆ ಕೊಡುತ್ತಿದ್ದಳು. ಆ ಸಲವೂ ಕೊಟ್ಟಿದ್ದಳು. ಹಬೆ ಸಾಲಲಿಲ್ಲವೋ, ಮರದ ಜಾತಿಯೇ ಹಾಗೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಗಂಡ ಮಾತ್ರ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು.

ಪಕ್ಕೆ ಕೂಡಿಕೊಂಡ ಮೇಲೆ ಅವನು ಮತ್ತೆ ಕೆಲಸಕ್ಕೆ ಬಂದ. ಆದರೆ ಸಂಜೆ ಮನೆ ಸೇರಿದವನು ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದ. ಎದುರಿಗೆ ಕೂತ ಅವಳಿಗೂ ಎರಡು ಮಾತು ಆಡುವ ತ್ರಾಣವಿರುತ್ತಿರಲಿಲ್ಲ.

ಬೇಸಗೆಯ ಹೊತ್ತಿಗೆ ಕಾರ್ಖಾನೆಯ ಯಜಮಾನಿ ಹಲಗೆ ಕಾಯಿಸುವ ಮೈಕ್ರೋವೇವ್ ಯಂತ್ರ ತರಿಸಿದಳು. ಅದನ್ನು ಕೂರಿಸಲು ಬಂದ ಹೆಂಗಸು ಊರೂರು ಸುತ್ತಿ ಕಣ್ಣಡಿ ಕಪ್ಪು ಕಟ್ಟಿದವಳು. ನಿಂತಲ್ಲೇ ಆಕಳಿಸುತ್ತಿದ್ದಳು.

“ಮನೇಲಿ ತಂಗಳು ಬಿಸಿ ಮಾಡ್ತೀವಲ್ಲ, ಅದೇನಾ ಇದು?” ಒಲೆಯಕ್ಕ ಕೇಳಿದಳು.

“ಅದರ ದೊಡ್ಡಣ್ಣ. ಹಬೆ ಹೊರಗಿಂದ ಕಾಯಿಸತ್ತೆ, ಇದು ಒಳಗಿರೋ ತೇವವನ್ನೇ ಹಿಡಿದು ಕಾಯಿಸತ್ತೆ. ತಿರುಳು ಬಿಸಿಯಾಗಿ ಮೆತ್ತಗಾದ್ರೆ ಬಿಗಿತ ಬಿಡತ್ತೆ.”

ಯಜಮಾನಿಗೆ ಅವಸರ. ಯಂತ್ರದವಳು ಬೇಡವೆಂದರೂ ಕೇಳದೆ ಮೊದಲ ಸಲವೇ ಪೂರ್ತಿ ಜೋರಿಗೆ ಇಡಿಸಿದಳು. ಒಳಗೆ ಪಟಪಟ ಸದ್ದಾಯಿತು, ಸುಟ್ಟ ವಾಸನೆ ಬಂತು. ತೆಗೆದು ಕತ್ತರಿಸಿದರೆ ಹಲಗೆಯ ನಡುವೆ ಕಪ್ಪು ಬಿರುಕು.

“ಕೊಂಡಿದ್ದು ಇದ್ದಿಲು ಮಾಡೋ ಯಂತ್ರ ಅಂತ ಗೊತ್ತಿರಲಿಲ್ಲ” ಎಂದು ಯಜಮಾನಿ ಎದ್ದು ಹೋದಳು. ಯಂತ್ರದವಳು ಸಿಟ್ಟಾಗಲಿಲ್ಲ. “ಎಲ್ಲಾ ಕಡೆ ಇದೇ ಕಥೆ ಅಕ್ಕ. ಒಂಚೂರು ಕಾಯಿಸಿ, ಬಿಟ್ಟು, ಮತ್ತೆ ಕಾಯಿಸ್ಬೇಕು. ಒಳಗಿನ ಹಬೆಗೆ ಹೊರಬರೋ ದಾರಿ ಸಿಗಬೇಕಲ್ಲ” ಎಂದು ಕುರ್ಚಿ ಎಳೆದುಕೊಂಡು ಕೂತಳು.

ಹಾಗೆ ಕಾಯುತ್ತ, ಕಾಯಿಸುತ್ತ ವಾರ ಕಳೆಯಿತು. ಪರೀಕ್ಷೆಗೆಂದು ಹಲಗೆಯ ತುದಿಯಿಂದ ಕವಲಿನಂತೆ ಕೊರೆದ ತುಂಡಿನ ಎರಡು ಕಡ್ಡಿಗಳು ಮೊದಲೆಲ್ಲ ಒಂದಕ್ಕೊಂದು ತಾಗುವಷ್ಟು ಬಾಗುತ್ತಿದ್ದವು. ಈಗ ಹೆಚ್ಚುಕಡಿಮೆ ನೆಟ್ಟಗೆ ನಿಂತವು, ಒಳಗಿನ ಬಿಗಿತ ಬಿಟ್ಟಂತಿತ್ತು.

ಇನ್ನು ಹಲಗೆಯನ್ನೇ ಸೀಳಿ ನೋಡಬೇಕು. ಗಂಡನ ಕಣ್ಣು ತಪ್ಪಿಸಿ ಅವಳು ಇನ್ನೊಂದು ಗರಗಸದವನ ಹತ್ತಿರ ಹೋದಳು. ಆಳು ಎತ್ತರವಿದ್ದುದರಿಂದ ಅವನನ್ನು ಉದ್ದಣ್ಣ ಎನ್ನುತ್ತಿದ್ದರು.

“ನೀನೇ ಒಂದು ಕೊಯ್ದು ನೋಡಪ್ಪ.”

ಉದ್ದಣ್ಣ ಅವಳ ಮುಖ ನೋಡಿದ. “ದಪ್ಪದ್ದು ನಂಗೆ ರೂಢಿ ತಪ್ಪಿದೆ ಅತ್ತಿಗೆ. ಅಣ್ಣ ವಾಪಸ್ ಬಂದಮೇಲೆ ನಿಮ್ಮ ಕೋಣೆಯ ದಪ್ಪ ಹಲಗೆ ಒಂದನ್ನೂ ನನಗೆ ಬಿಟ್ಟಿಲ್ಲ. ಎಲ್ಲಾ ಅವರೇ ಕೊಯ್ತಾರೆ.”

“ಯಾಕೆ?”

“ಇನ್ನೊಬ್ಬರಿಗೆ ಪೆಟ್ಟಾದ್ರೆ ನಿಮ್ಮ ಮೇಲೆ ಮಾತು ಬರತ್ತೆ ಅಂತ. ನಾನು ಹೇಳ್ದೆ ಅನ್ಬೇಡಿ.”

ಮಧ್ಯಾಹ್ನ ಗಂಡ ಗೋಡೆಗೊರಗಿ ಬುತ್ತಿ ಬಿಚ್ಚುವಾಗ ಅವಳು ಎದುರು ಹೋಗಿ ನಿಂತಳು.

“ನಿಮಗೇನು ಬುದ್ಧಿಗಿದ್ದಿ ಇದೆಯೇನ್ರೀ? ಮುರಿದ ಪಕ್ಕೆ ಇಟ್ಕೊಂಡು ದಪ್ಪದ್ದೆಲ್ಲ ನಿಮಗೇ ಬೇಕಾ?”

“ಅವನಿಗಿಂತ ಅವನ ಬಾಯಿ ಉದ್ದ” ಎಂದ ಗಂಡ. ಬುತ್ತಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, “ನನಗಾದ್ರೆ ಮನೆ ವಿಷಯ ಕಣೆ. ಬೇರೆಯವರಿಗಾದ್ರೆ ನೀನು ಇಲ್ಲಿ ತಲೆ ಎತ್ತಿ ಓಡಾಡಕ್ಕಾಗತ್ತಾ?”

“ನನ್ನ ಮೇಲೆ ಸಿಟ್ಟಲ್ಲಿದೀರಿ ಅಂದ್ಕೊಂಡಿದ್ದೆ.”

“ಸಿಟ್ಟು ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ಲ.”

ಅವಳು ಪಕ್ಕದಲ್ಲೇ ಕುಸಿದು ಕೂತಳು. ಅಳುವೂ ಬರಲಿಲ್ಲ. ಅವನ ಬುತ್ತಿಯಿಂದ ಒಂದು ತುತ್ತು ತೆಗೆದು ತಿಂದಳು.

ಊಟದ ನಂತರ ಅವನೇ ಹಲಗೆಯನ್ನು ಎತ್ತಿಕೊಂಡ. ಬೇಡವೆಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಅವನು ಪಕ್ಕಕ್ಕೆ ಸರಿದು ನಿಂತು ನಿಧಾನವಾಗಿ ತಳ್ಳಿದ. ಗರಗಸದ ಸದ್ದು ಎಲ್ಲೂ ಕುಗ್ಗಲಿಲ್ಲ. ಹಲಗೆ ಕೊನೆಯವರೆಗೂ ಹೋಗಿ ಎರಡಾಗಿ ಮಲಗಿತು. ಅವನು ಹೋಳುಗಳನ್ನು ಒಂದರ ಮೇಲೊಂದಿಟ್ಟು ಸಂದಿಗೆ ಕಣ್ಣಿಟ್ಟ. ನೆಟ್ಟಗಿದ್ದವು. ಆಮೇಲಿನವುಗಳಲ್ಲಿ ಒಂದು ತುಸು ಬಾಗಿತು. ಅದೇ ಸಾಲಿನ ಉಳಿದ ಹಲಗೆಗಳಿಗೆ ಅವಳು ಸೀಮೆಸುಣ್ಣದ ಗೆರೆ ಎಳೆದು, ಮತ್ತೆ ಕಾಯಿಸಲು ಬದಿಗಿಟ್ಟಳು.

“ನಾಳೆಯಿಂದ ದಪ್ಪದ್ದು ನೀನೂ ಕೊಯ್ಯಿ” ಎಂದು ಅವನು ಉದ್ದಣ್ಣನಿಗೆ ಹೇಳಿ ಕೈಗವಸು ಕಳಚಿದ.

ಸಂಜೆಯ ಬಸ್ಸಿನಲ್ಲಿ ಜಾಗ ಸಿಕ್ಕಿತು. ಕೂತ ಕೂಡಲೇ ಅವನ ತಲೆ ಅವಳ ಹೆಗಲಿಗೆ ಬಿತ್ತು. ಇಳಿಯುವ ನಿಲ್ದಾಣ ಬಂತು, ಹೋಯಿತು. ಅವಳು ಎಬ್ಬಿಸಲಿಲ್ಲ. ಬಸ್ಸು ಕೊನೆಯ ನಿಲ್ದಾಣದಲ್ಲಿ ನಿಂತಾಗ ಅವನು ಕಣ್ಣುಜ್ಜಿಕೊಂಡು ಸುತ್ತ ನೋಡಿದ.

“ಎಬ್ಬಿಸಬಾರದಿತ್ತಾ?”

“ನನಗೂ ಏಳೋಕೆ ಮನಸ್ಸಿರಲಿಲ್ಲ.”

ವಾಪಸ್ ಹೋಗುವ ಬಸ್ಸಿಗಾಗಿ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು.