ಪಟ್ಟಿಯ ಕೊನೆಯ ಹೆಸರು

ವಾರ್ಡನ್ನಮ್ಮನ ಒಬ್ಬಳೇ ಮಗಳಿಗೆ ಒಂಬತ್ತು ವರ್ಷ; ಅವಳ ಹೊಟ್ಟೆಕಿಚ್ಚಿಗೆ ಮಾತ್ರ ತೊಂಬತ್ತು. ಮನೆಯಲ್ಲಿ ಕುಡಿತ, ಜಗಳ, ಕಾಯಿಲೆ ಎಂದು ಚರ್ಚಿನವರು ನಡೆಸುವ ಮಕ್ಕಳ ಆಶ್ರಮ ಸೇರಿದ್ದ ಇಪ್ಪತ್ತಮೂರು ಮಕ್ಕಳೂ ಅವಳ ಅಮ್ಮನನ್ನೇ ಅಮ್ಮಾ ಎನ್ನುತ್ತಿದ್ದವು. ಅವರ ತಲೆ ಬಾಚುವವಳೂ ಅಮ್ಮ, ಜ್ವರ ಬಂದರೆ ಪಕ್ಕದಲ್ಲಿ ಕೂರುವವಳೂ ಅಮ್ಮ. ಇವಳು ಕರೆದರೆ, "ನಿಂಗೇನೇ ಕಮ್ಮಿಯಾಗಿರೋದು? ಮನೆ ಇದೆ, ಅಪ್ಪ ಇದಾರೆ. ಪಾಪ, ಅವಕ್ಕೆ ಯಾರಿದಾರೆ?" ಎಂಬ ಉತ್ತರ. ಅಪ್ಪನೂ ಒಂದು ದಿನ ಕುಡಿದು ಬರಬಾರದೇ ಎಂದು ಅವಳು ಆಸೆಪಟ್ಟದ್ದೂ ಉಂಟು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಅಜ್ಜಿ ಗೊಣಗುತ್ತಿದ್ದದ್ದು ಸುಮ್ಮನಲ್ಲ.

ಹೊಟ್ಟೆ ಹೆಚ್ಚು ಉರಿಯುತ್ತಿದ್ದದ್ದು ಸಂಜೆಯ ಪ್ರಾರ್ಥನೆಯಲ್ಲಿ. ಅಮ್ಮ ಬೈಬಲ್ಲಿನೊಳಗಿನ ಪಟ್ಟಿ ತೆಗೆದು ಒಂದೊಂದೇ ಹೆಸರು ಓದಿ, ಪ್ರತಿ ಹೆಸರಿಗೂ ಅದೇ ಮಾತು ಸೇರಿಸುತ್ತಿದ್ದಳು: "ಕರ್ತನೇ, ಈ ಮಗುವಿನ ತಾಯಿಯ ಮನಸ್ಸನ್ನು ಮಗುವಿನ ಕಡೆಗೆ ತಿರುಗಿಸು." ಪಟ್ಟಿ ಮುಗಿದರೂ ಇವಳ ಹೆಸರು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಪಟ್ಟಿಯ ಕೊನೆಗೆ ತನ್ನ ಹೆಸರನ್ನೂ ದುಂಡಗೆ ಬರೆದಿಟ್ಟಳು.

ಸಂಜೆ ಅಮ್ಮ ಎಂದಿನಂತೆ ಓದುತ್ತ ಹೋದಳು. ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು. ಇಪ್ಪತ್ತನಾಲ್ಕನೆಯ ಹೆಸರನ್ನೂ ಓದಿ, ಅದೇ ಮಾತನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ತಾನು ಯಾರಿಗಾಗಿ ಬೇಡಿಕೊಂಡೆನೆಂದು ಅವಳಿಗೆ ಹೊಳೆದದ್ದು.

ಮಕ್ಕಳೆಲ್ಲ ಕಣ್ಣು ಮುಚ್ಚಿದ್ದರು. ಮಗಳೊಬ್ಬಳೇ ಕಣ್ಣು ಬಿಟ್ಟುಕೊಂಡು, ಅಮ್ಮನನ್ನೇ ನೋಡುತ್ತ, ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದಳು.