ಅಮ್ಮನ ಮುಡಿ

“ಅಮ್ಮಾ, ತುರುಬು ಬಿಚ್ಚು. ಮುಂದಿನ ಸರದಿ ನಿಂದೇ,” ಎಂದಳು ಭಾಗ್ಯ.

ಘಾಟಿ ದೇವಸ್ಥಾನದಲ್ಲಿ ಮುಡಿ ತೆಗೆಯುವ ಜಾಗದ ಮುಂದೆ ಲಕ್ಷ್ಮೀದೇವಮ್ಮ ಊರುಗೋಲು ಹಿಡಿದು ನಿಂತೇ ಇದ್ದಳು. ಹಣ್ಣುಕಾಯಿ ಮಾಡಿಸಿಕೊಂಡು ಬರೋಣ ಎಂದಷ್ಟೇ ಹೇಳಿ ಮಗಳು ಕರೆತಂದಿದ್ದಳು.

“ನಂದಾ? ನಾನ್ಯಾವಾಗ ಹರಕೆ ಹೊತ್ತೆ?”

“ನೀನಲ್ಲ, ನಾನು. ನೀನು ಸೊಂಟ ಮುರ್ಕೊಂಡು ಮಲಗಿದ್ಯಲ್ಲ, ಆವಾಗ. ನಮ್ಮಮ್ಮ ಎದ್ದು ಓಡಾಡಿದ್ರೆ ಅವಳ ಮುಡಿ ಕೊಡಿಸ್ತೀನಿ ಸ್ವಾಮೀ ಅಂತ.”

ಲಕ್ಷ್ಮೀದೇವಮ್ಮನ ಕೈ ತಾನಾಗಿ ತುರುಬಿನ ಮೇಲೆ ಹೋಯಿತು. ಆಸ್ಪತ್ರೆಯಲ್ಲಿ ಯಾರು ಯಾರೋ ಬಂದು ಅವಳನ್ನು ಹೊರಳಿಸಿದ್ದರು, ಸೆರಗು ಸರಿಸಿದ್ದರು, ಸೂಜಿ ಚುಚ್ಚಿದ್ದರು. ಎಲ್ಲ ಒಳ್ಳೆಯದಕ್ಕೇ. ನರ್ಸ್ ರಮ್ಯಶ್ರೀ ಒಬ್ಬಳು ಮಾತ್ರ ಮಂಚದ ಪಕ್ಕ ನಿಂತು, “ಮುಟ್ಲಾ ಅಜ್ಜಿ?” ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು. ಆ ಹುಡುಗಿ ಹಾಗೆ ಕೇಳಿದಾಗಲೆಲ್ಲ ಮುರಿದ ಮೈ ಮತ್ತೆ ತನ್ನದೇ ಎನಿಸುತ್ತಿತ್ತು. ಮನೆಗೆ ಬಂದ ಮೇಲೆ ಯಾರ ನೆರವೂ ಇಲ್ಲದೆ ಅವಳು ಮೊದಲು ಮಾಡಿಕೊಂಡ ಕೆಲಸವೆಂದರೆ ತಲೆ ಬಾಚಿಕೊಂಡದ್ದು.

“ನಾ ಕೊಡಲ್ಲ ಕಣೇ ಭಾಗ್ಯ.”

“ಅಯ್ಯೋ, ದೇವ್ರಿಗೆ ಮಾತು ಕೊಟ್ಬಿಟ್ಟಿದ್ದೀನಲ್ಲಮ್ಮಾ! ತಪ್ಪಿಸಿ, ನಿಂಗೇನಾದ್ರೂ ಆದ್ರೆ?”

“ನನ್ ತಲೇನ ನೀನು ಹೆಂಗೆ ಕೊಟ್ಟೆ? ಒಂದ್ಮಾತು ಕೇಳ್ಬೇಕು ತಾನೆ?”

ಮುಡಿ ತೆಗೆಯುವ ಮುರಳಿ ತನ್ನ ಕುರ್ಚಿಯನ್ನು ಮುದುಕಿಯತ್ತ ತಳ್ಳಿದ. “ನೀ ಕೂತ್ಕೊಳಜ್ಜಿ, ಕಾಲು ನೋಯ್ತದೆ. ಬ್ಯಾಡ ಅಂದೋರ ತಲೆ ನಾನು ಮುಟ್ಟಲ್ಲ.”

ಭಾಗ್ಯ ಕುರ್ಚಿಯಲ್ಲಿ ಕೂತ ಅಮ್ಮನ ತುರುಬನ್ನೇ ನೋಡುತ್ತ ನಿಂತಳು. ಅದನ್ನು ಹಿಡಿದಿದ್ದ ಕೈಯನ್ನು ಅಮ್ಮ ಇನ್ನೂ ತೆಗೆದಿರಲಿಲ್ಲ.

“ಕೇಳ್ಬೇಕಿತ್ತು,” ಎಂದಳು ಮೆಲ್ಲಗೆ. ಆಮೇಲೆ ತನ್ನ ಜಡೆಯ ಕ್ಲಿಪ್ಪು ತೆಗೆದು ಅಮ್ಮನ ಮಡಿಲಿಗೆ ಹಾಕಿ, ಮುರಳಿಯ ಮುಂದೆ ಕೂತೇಬಿಟ್ಟಳು. “ಹರಕೆ ಹೊತ್ತೋಳು ನಾನು. ಮುಡೀನೂ ನಂದೇ ಇರ್ಲಿ.”

“ಬ್ಯಾಡ ಕಣೇ! ಆಫೀಸಲ್ಲಿ ನಗ್ತಾರೆ!”

“ನನ್ ತಲೆ, ನನ್ನಿಷ್ಟ. ಈಗ್ತಾನೆ ನೀನೇ ಹೇಳ್ಕೊಟ್ಯಲ್ಲ!”

ಸರದಿಯಲ್ಲಿದ್ದವರು ನಕ್ಕರು. ಲಕ್ಷ್ಮೀದೇವಮ್ಮನಿಗೂ ನಗು ತಡೆಯಲಾಗಲಿಲ್ಲ.

ಸ್ನಾನ ಮುಗಿಸಿ ಬಂದ ಭಾಗ್ಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ಹುಟ್ಟಿದಾಗ ಇದ್ದಂತೆಯೇ ತಲೆ ಒಂದು ಕಡೆ ತುಸು ಚಪ್ಪಟೆ. ಲಕ್ಷ್ಮೀದೇವಮ್ಮ ಅಂಗೈಗೆ ಗಂಧ ಸವರಿಕೊಂಡಳು. ಕೈ ಮಗಳ ತಲೆಯವರೆಗೂ ಹೋಗಿ, ಮುಟ್ಟದೆ ಅಲ್ಲೇ ನಿಂತಿತು.

“ಹಚ್ಲೇನೇ?”

ಭಾಗ್ಯ ಕಣ್ಣು ಮುಚ್ಚಿ, ತಲೆಯನ್ನು ಅಮ್ಮನ ಅಂಗೈಯ ಕೆಳಗೆ ತಂದಳು.