ಚೋಮ ಮೇಸ್ತ್ರಿ ತೋರಿಸಿದ ಮೂಲೆ

ತೀರಿಕೊಂಡ ಅಪ್ಪನ ಬಾಯಿಗೆ ತುಳಸಿನೀರು ಬಿಡುತ್ತಿರುವಾಗಲೂ ಮಗಳು ತೃಪ್ತಿಯ ಕಣ್ಣು ದಾರಿಯ ಮೇಲೆಯೇ ಇತ್ತು. ಕಾರಡ್ಕದ ಸುತ್ತ ಅವಳಪ್ಪ ಚೋಮ ಮೇಸ್ತ್ರಿ ಕೆಂಪುಕಲ್ಲಿನಲ್ಲಿ ಕಟ್ಟಿದ ಮನೆಗಳು ನಲವತ್ತಕ್ಕೂ ಹೆಚ್ಚು. ಅಂಗಳದಲ್ಲಿ ಹತ್ತು ಜನವೂ ಇರಲಿಲ್ಲ. ಬೇಲಿಯಾಚೆಯ ಅಮ್ಮಣಿಯೂ ಬಂದಿರಲಿಲ್ಲ.

"ತಾನು ಕಟ್ಟಿದ್ದು ಗಟ್ಟಿಯಿಲ್ಲ ಅಂತ ಯಾವ ಮೇಸ್ತ್ರಿ ಹೇಳ್ತಾನೆ ಮಾರಾಯ?" ಅಪ್ಪನ ಜೊತೆ ಗಾರೆ ಕಲಸುತ್ತಿದ್ದ ವಿಜೇತ್ ಪಕ್ಕದವನಿಗೆ ಹೇಳಿದ. "ಬಾಯಿ ಮುಚ್ಚಿ ಕೂತಿದ್ದರೆ ಇವತ್ತಿಲ್ಲಿ ಕಾಲಿಡ್ಲಿಕ್ಕೆ ಜಾಗ ಇರ್ತಿರಲಿಲ್ಲ."

* * *

ಎರಡು ವರ್ಷದ ಹಿಂದೆ, ಭೂಕಂಪವಾದರೆ ಯಾವ ಮನೆ ತಾಳೀತು ಎಂದು ನೋಡಲು ಎಂಜಿನಿಯರ್ ಸೌದಾಮಿನಿ ಬಂದಿದ್ದಳು. ದಾರಿ ತೋರಿಸಲು ಹೋದ ಚೋಮ ಗೋಡೆಗಳನ್ನೇ ತೋರಿಸತೊಡಗಿದ. ಗಾರೆಯ ಒಳಗೇನಿದೆ ಎಂಬುದು ಅವಳಿಗೆ ಕಾಣುವಂತಿರಲಿಲ್ಲ; ಕಟ್ಟಿದವನಿಗೆ ನೆನಪಿತ್ತು. ಇಲ್ಲಿ ಬಾಗಿಲ ಮೇಲಿನ ಕಾಂಕ್ರೀಟ್ ಬೆಲ್ಟ್ ಮನೆಯ ಸುತ್ತ ಬಂದಿಲ್ಲ, ಅಲ್ಲಿ ಕಬ್ಬಿಣ ಹಾಕಿಲ್ಲ. ಅಮ್ಮಣಿಯ ಮನೆಗೆ ಬಂದಾಗ ಮಾತ್ರ ತಡವರಿಸಿದ. ಮಳೆಗೆ ಮೊದಲು ಮುಗಿಸುವ ಅವಸರದಲ್ಲಿ, ಆಗ ಹೊಸದಾಗಿ ಸೇರಿಸಿದ ಕೋಣೆಯ ಕಲ್ಲುಗಳನ್ನು ಹಳೆಗೋಡೆಗೆ ಹೆಣೆಯದೆ, ಬರೀ ತಾಗಿಸಿ ಕಟ್ಟಿದ್ದ.

"ಇದು ನನ್ನದೇ ತಪ್ಪು ಮೇಡಂ. ಬರ್ಕೊಳ್ಳಿ. ನೆಲ ಅಲ್ಲಾಡಿದರೆ ಮೊದಲು ಬೀಳುವುದು ಇದು."

ಕೂಲಿಯಿಲ್ಲದೆ ಬಿಚ್ಚಿ ಕಟ್ಟಿಕೊಡುತ್ತೇನೆಂದ. ಇಪ್ಪತ್ತು ವರ್ಷ ನಿಂತ ಗೋಡೆಗೆ ಶಾಪ ಹಾಕಬೇಡ ಎಂದು ಅಮ್ಮಣಿ ಅಂಗಳದಿಂದಲೇ ಕಳಿಸಿದಳು. ಆಮೇಲೆ ಊರಿನಲ್ಲಿ ಅವನನ್ನು ಕೆಲಸಕ್ಕೆ ಕರೆದವರಿಲ್ಲ.

* * *

ಹೆಣ ಎತ್ತುವ ಹೊತ್ತಿಗೆ ಅಮ್ಮಣಿ ಬಂದಳು. ನೀರು ಬಿಟ್ಟಳು. ಹೊರಡುವವಳನ್ನು ತೃಪ್ತಿಯೇ ತಡೆದಳು. ಈಗ ಹೇಳದಿದ್ದರೆ ಇನ್ನು ಹೇಳುವವರಿಲ್ಲ.

"ಅಮ್ಮಣಿಯಕ್ಕ, ಅಪ್ಪ ನಿನ್ನೆಯೂ ಕೇಳಿದ್ರು. ನಿಮ್ಮ ಮೊಮ್ಮಗಳು ಆ ಕೋಣೆಯಲ್ಲೇ ಮಲಗುದಾ ಅಂತ."

ಅಮ್ಮಣಿ ಹೆಣದ ಕೈಗಳನ್ನು ನೋಡಿದಳು. ಸುಣ್ಣ, ಸಿಮೆಂಟು ತಿಂದು ಬಿರಿದ ಬೆರಳುಗಳು.

"ಬೇರೆಯವರ ಕೆಲಸಕ್ಕೆ ಹೆಸರಿಟ್ಟಿದ್ದರೆ ಹೊಟ್ಟೆಕಿಚ್ಚು ಅನ್ನಬಹುದಿತ್ತು," ಎಂದಳು. "ಇವ ತನ್ನದಕ್ಕೇ ಇಟ್ಟ."

ಹೆಣ ಸುಟ್ಟು ಬಂದು ಮಿಂದ ವಿಜೇತನನ್ನು ಅವಳೇ ಉಳಿ, ಸುತ್ತಿಗೆ ಕೊಟ್ಟು ಆ ಕೋಣೆಯ ಮೂಲೆಗೆ ಕರೆದೊಯ್ದಳು. ಸೂತಕವಾದ್ದರಿಂದ ತೃಪ್ತಿ ಬೇಲಿಯ ಈಚೆ ನಿಂತಳು. ನಾಲ್ಕೇ ಏಟಿಗೆ ಗಾರೆ ಹಪ್ಪಳದಂತೆ ಎದ್ದು ಬಿತ್ತು. ಎರಡು ಗೋಡೆಗಳ ನಡುವೆ, ಮೇಲಿನಿಂದ ಕೆಳಗೆ, ನೂಲು ಹಿಡಿದಂತೆ ನೇರವಾದ ಒಂದು ಗೆರೆ.

ಅಮ್ಮಣಿ ಅಂಗಳ ಗುಡಿಸುವ ಹಿಡಿಸೂಡಿಯಿಂದ ಕಡ್ಡಿಯೊಂದನ್ನು ಎಳೆದು ಆ ಗೆರೆಯೊಳಗೆ ತೂರಿಸಿದಳು. ಅದು ಎಲ್ಲೂ ತಡೆಯದೆ, ಅವಳ ಬೆರಳು ಕಲ್ಲಿಗೆ ತಾಗುವವರೆಗೂ ಒಳಗೆ ಹೋಯಿತು.